ಇಪ್ಪತ್ತಮೂರನೆಯ ಸಾಲು

2012ರ ಜನವರಿ 30, ಸೋಮವಾರ. ಮರ್ರೆ ನದಿಯ ದಂಡೆಯ ಕೂರಂಬಿಲ್ ಎಂಬ ಊರಿನಲ್ಲಿ ಒಬ್ಬ ಹೆಂಗಸು ಇನ್ನೊಬ್ಬ ಹೆಂಗಸಿಗೆ ಒಂದು ಮಾತು ಕೊಟ್ಟಳು: ಈ ಮಗುವಿನ ಹೆಸರನ್ನು ನಾನು ಎಲ್ಲಿಯೂ ಬರೆಯುವುದಿಲ್ಲ. ಸಾಕ್ಷಿಗೆ ಯಾರೂ ಇರಲಿಲ್ಲ. ಇಬ್ಬರ ನಡುವೆ ನಿಂತಿದ್ದ ಮಗು ಏಪ್ರಿಕಾಟ್ ತಿನ್ನುತ್ತಿತ್ತು, ಅಷ್ಟೆ.

ಅದಾಗಿ ಹನ್ನೆರಡು ವರ್ಷ ಕಳೆದ ಮೇಲೆ, 2024ರ ನವೆಂಬರ್ 20ರ ಬುಧವಾರ ಬೆಳಿಗ್ಗೆ 9.40ಕ್ಕೆ, ಕೂರಂಬಿಲ್ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯ ಲಾಕ್ಲನ್ ಪರ್ಡಿ ಒಂದು ರಟ್ಟಿನ ಪೆಟ್ಟಿಗೆಯನ್ನು ಎದೆಗವಚಿಕೊಂಡು ಪೊಲೀಸ್ ಠಾಣೆಗೆ ಬಂದ. ಅವನು ಈ ಊರಿಗೆ ಬಂದು ಎರಡು ವರ್ಷವೂ ಆಗಿರಲಿಲ್ಲ. ಹೊರಗೆ ಬೆಳಿಗ್ಗೆಯೇ ಉತ್ತರದ ಬಿಸಿಗಾಳಿ ಎದ್ದು ಠಾಣೆಯ ಕಿಟಕಿಗಳೆಲ್ಲ ಪಟಪಟ ಅನ್ನುತ್ತಿದ್ದವು.

ಸಾರ್ಜೆಂಟ್ ಬ್ರಿಜಿಡ್ ಹ್ಯಾಲೊರನ್ ಕುರ್ಚಿ ತೋರಿಸಿದಳು. ಅವನು ಕೂರಲಿಲ್ಲ.

"ಇದು ಕಳ್ಳತನ ಅಂತ ಹೇಳ್ಬೇಕೋ ಏನೋ ಗೊತ್ತಾಗ್ತಿಲ್ಲ ಸಾರ್ಜೆಂಟ್. ಏನೂ ಹೋಗಿಲ್ಲ. ಹೆಚ್ಚಾಗಿ ಬಂದಿದೆ."

"ಏನು ಬಂದಿದೆ?"

"ಒಂದು ಹುಡುಗಿ."

ಮೂಲೆಯ ಮೇಜಿನಲ್ಲಿ ಟೈಪ್ ಮಾಡುತ್ತಿದ್ದ ಕಾನ್‌ಸ್ಟೇಬಲ್ ನಿನೋ ಕಾರ್ಬೋನೆ ತಲೆಯೆತ್ತಿದ.

ಪರ್ಡಿ ಒಂದು ಪತ್ರ ಮುಂದಿಟ್ಟ. ಮೆಲ್ಬರ್ನಿನ ಒಂದು ವಿಶ್ವವಿದ್ಯಾಲಯದ ವೈದ್ಯಕೀಯ ಪ್ರವೇಶ ವಿಭಾಗದ್ದು. ಸೇಯಿನಿ ಟೌಫಾ, ಹದಿನೇಳು ವರ್ಷ, ಗ್ರಾಮೀಣ ಕೋಟಾದಡಿ ಎಂ.ಬಿ.ಬಿ.ಎಸ್.ಗೆ ಅರ್ಜಿ ಹಾಕಿದ್ದಾಳೆ. 2012ರಿಂದ 2016ರವರೆಗೆ ಬಿಡದೆ ಐದು ವರ್ಷ ಕೂರಂಬಿಲ್ ಶಾಲೆಯಲ್ಲಿ ಓದಿದ್ದಾಗಿ ಶಾಲೆಯ ಮೊಹರಿನ ಪ್ರಮಾಣಪತ್ರ, ಹಾಜರಿ ಪುಸ್ತಕದ ನಕಲು ಲಗತ್ತಿಸಿದ್ದಾಳೆ. ಇವು ನಿಜವೆಂದು ನವೆಂಬರ್ 29ರ ಶುಕ್ರವಾರ ಸಂಜೆ ಐದರೊಳಗೆ ಖಚಿತಪಡಿಸಬೇಕು. ಇಲ್ಲವಾದರೆ ಅರ್ಜಿ ತಿರಸ್ಕೃತ.

"ಮೊಹರು ನಮ್ಮದೇ," ಎಂದ ಪರ್ಡಿ. "ಆದ್ರೆ ಈ ಪ್ರಮಾಣಪತ್ರ ನಾನು ಕೊಟ್ಟಿಲ್ಲ. ಹಳೇ ಹಾಜರಿ ಪುಸ್ತಕ ತೆಗೆದು ನೋಡ್ದೆ. ಐದು ಪುಸ್ತಕದಲ್ಲೂ ಈ ಹುಡುಗಿ ಹೆಸರಿದೆ. ಇಪ್ಪತ್ಮೂರನೇ ಸಾಲಲ್ಲಿ."

"ಹೆಸರಿದ್ರೆ ಸರಿಯಾಯ್ತಲ್ಲ?"

"ಪ್ರತಿ ಆಗಸ್ಟಿನಲ್ಲಿ ಇಲಾಖೆಗೆ ತಲೆಎಣಿಕೆ ಕಳಿಸ್ತೀವಿ. 2012ರ ಆಗಸ್ಟಲ್ಲಿ ಇಪ್ಪತ್ತೆರಡು ಮಕ್ಕಳು. ಇಪ್ಪತ್ಮೂರು ಇದ್ದಿದ್ರೆ ಎರಡನೇ ಟೀಚರ್ ಉಳೀತಿದ್ರು. ಒಂದು ತಲೆ ಕಮ್ಮಿ ಅಂತ ಅವರನ್ನ ವರ್ಗ ಮಾಡಿದ್ರು. ಆಗಿನ ಹೆಡ್‌ಮಾಸ್ಟರ್ ಇಲಾಖೆಗೆ ಬರೆದ ಜಗಳದ ಪತ್ರ ಕಡತದಲ್ಲಿದೆ. ಒಂದು ಮಗುವಿಗಾಗಿ ಅಷ್ಟು ಒದ್ದಾಡಿದೋರು, ಇದ್ದ ಮಗೂನ ಬಿಟ್ಟು ಎಣಿಸ್ತಾರಾ?"

"ಆ ಹೆಡ್‌ಮಾಸ್ಟರನ್ನ ಕೇಳಿದ್ರಾ?"

"ತೀರಿಹೋಗಿ ಆರು ವರ್ಷ ಆಯ್ತು."

10.05ಕ್ಕೆ ದೂರು ದಾಖಲಾಯಿತು: ಸುಳ್ಳು ದಾಖಲೆ ಸೃಷ್ಟಿ ಮತ್ತು ಅದರ ಬಳಕೆ. ಆರೋಪಿ ಎಂಬ ಕಲಮಿನ ಮುಂದೆ ನಿನೋ 'ತಿಳಿದಿಲ್ಲ' ಎಂದು ಬರೆದ.

ಪರ್ಡಿ ಹೋದ ಮೇಲೆ ನಿನೋ ವಿಶ್ವವಿದ್ಯಾಲಯಕ್ಕೆ ಫೋನ್ ಮಾಡಿ ವಿವರ ತೆಗೆದ. "ಹುಡುಗಿ ಪ್ರವೇಶ ಪರೀಕ್ಷೆಯ ಅಂಕ ಸಪ್ಪೆ, ಸಾರ್ಜ್. ನೂರರಲ್ಲಿ ಅರವತ್ತೊಂದು ಜನರನ್ನ ಹಿಂದೆ ಹಾಕಿದಾಳೆ, ಅಷ್ಟೇ. ಪಟ್ಟಣದೋರಿಗೆ ತೊಂಬತ್ತೈದಾದ್ರೂ ಬೇಕಂತೆ. ಹಳ್ಳೀಲಿ ಐದು ವರ್ಷ ಇದ್ದೋರಿಗೆ ಕೋಟಾ, ಅದು ಸಿಕ್ರೆ ಸಂದರ್ಶನಕ್ಕೆ ಕರೀತಾರೆ. ಸಿಗ್ಲಿಲ್ಲ ಅಂದ್ರೆ ಮನೆಗೆ."

"ಈಗ ಎಲ್ಲಿದಾಳೆ?"

"ಮೆಲ್ಬರ್ನ್. 2017ರಿಂದ ಅಲ್ಲೇ. ಯಾರೋ ಇಲ್ಲಿಯೋರನ್ನ ಹಿಡಿದು ಬರೆಸ್ಕೊಂಡಿದಾಳೆ ಬಿಡಿ. ಅಂಕ ಇಲ್ದಿದ್ರೆ ಊರು ಹುಟ್ಟಿಸ್ಕೊಳ್ಳೋದು."

"ಆಮೇಲೆ ತೀರ್ಪು ಕೊಡುವೆಯಂತೆ. ಜೀಪ್ ತೆಗಿ."

11.15ಕ್ಕೆ ಶಾಲೆಯಲ್ಲಿ ಮಹಜರು ಆರಂಭವಾಯಿತು. ಕಂಪ್ಯೂಟರ್ ಬಂದ ಮೇಲೂ ಕೂರಂಬಿಲ್ ಶಾಲೆ ಕಾಗದದ ಹಾಜರಿ ಪುಸ್ತಕವನ್ನು ಬಹುಕಾಲ ಬಿಟ್ಟಿರಲಿಲ್ಲ. ಹಳೆಯ ಪುಸ್ತಕಗಳು ಕಚೇರಿಯ ಹಿಂದಿನ ಕೋಣೆಯಲ್ಲಿದ್ದವು. ಬೀಗ ಒಡೆದಿಲ್ಲ, ಕಿಟಕಿ ಮುರಿದಿಲ್ಲ. ಕೀಲಿ ಮೂವರ ಬಳಿ: ಪರ್ಡಿ, ಗುಡಿಸಲು ಬರುವ ಕಂಪನಿಯವರು, ಮತ್ತು ಶುಕ್ರವಾರ ಶುಕ್ರವಾರ ಮಕ್ಕಳ ಊಟದ ಪೊಟ್ಟಣ ಕಟ್ಟಲು ಬರುವ ನಿವೃತ್ತ ಗುಮಾಸ್ತೆ ವರ್ನಾ ಲಾಕೆಟ್. ಮೊಹರು ಕಚೇರಿಯ ಮೇಜಿನ ಖಾನೆಯಲ್ಲಿ. ಆ ಖಾನೆಗೆ ಬೀಗವೇ ಇಲ್ಲ.

ಬ್ರಿಜಿಡ್ ಪುಸ್ತಕಗಳನ್ನು ಕಿಟಕಿಯ ಬೆಳಕಿಗೆ ಹಿಡಿದಳು. 2022ರ ಡಿಸೆಂಬರಿನ ನೆರೆಯಲ್ಲಿ ಈ ಕೋಣೆಗೂ ನೀರು ನುಗ್ಗಿತ್ತು. ಪುಟಗಳು ಸುಕ್ಕಾಗಿ, ಶಾಯಿ ಕದಡಿ, ಹೆಸರುಗಳ ಸುತ್ತ ನೀಲಿ ಮೋಡ ಕಟ್ಟಿತ್ತು. ಒಂದರಿಂದ ಇಪ್ಪತ್ತೆರಡರವರೆಗೆ ಎಲ್ಲ ಸಾಲುಗಳಿಗೂ. ಇಪ್ಪತ್ತಮೂರನೆಯ ಸಾಲು ಮಾತ್ರ ಸುಕ್ಕುಗಳ ಮೇಲೆ ಹತ್ತಿಳಿಯುತ್ತ ಸ್ಪಷ್ಟವಾಗಿ ನಿಂತಿತ್ತು.

"ನೆರೆ ಆದ್ಮೇಲೆ ಬರೆದಿದ್ದು," ಎಂದ ನಿನೋ.

"ಬರ್ಕೋ."

"ಐದು ವರ್ಷದ್ದು, ಸಾರ್ಜ್. ಸಾವಿರ ಗೀಟು. ಕೂತು ಒಂದೊಂದೇ ಹಾಕಿದಾರೆ. ಎಂಥಾ ಕಳ್ಳ ಇವನು, ಕೈ ನೋವಲ್ವಾ?"

ಬ್ರಿಜಿಡ್ ಪುಟದ ಮೇಲೆ ಬಗ್ಗಿದಳು. ಗೀಟುಗಳ ನಡುವೆ ಅಲ್ಲಲ್ಲಿ ಒಂದು ಸೊನ್ನೆಯಿತ್ತು. ಗೈರುಹಾಜರಿ. ಅವಳು ಐದೂ ಪುಸ್ತಕ ತಿರುವಿ ಎಣಿಸಿದಳು. ಒಂಬತ್ತು. ಸುಳ್ಳು ಹಾಜರಿ ಬರೆಯುವವನು ಗೈರು ಯಾಕೆ ಹಾಕುತ್ತಾನೆ? ನಿಜದಂತೆ ಕಾಣಲಿ ಎಂದಿದ್ದರೆ ಇನ್ನೂ ಹೆಚ್ಚು ಹಾಕಬೇಕಿತ್ತು. ಮಕ್ಕಳಿಗೆ ವರ್ಷಕ್ಕೆ ಎರಡು ಸಲವಾದರೂ ಜ್ವರ ಬರುತ್ತದೆ. ಒಂಬತ್ತೂ ದಿನಾಂಕಗಳನ್ನು ಅವಳು ತನ್ನ ಕಿರುಪುಸ್ತಕದಲ್ಲಿ ಬರೆದುಕೊಂಡಳು.

ಹೊರಡುವಾಗ ಓಣಿಯಲ್ಲಿ ಮಕ್ಕಳ ಚೀಲ ತೂಗುಹಾಕುವ ಕೊಕ್ಕೆಗಳ ಸಾಲು. ಪ್ರತಿಯೊಂದರ ಮೇಲೂ ಹೆಸರಿನ ಚೀಟಿ. ಕೊನೆಯ ಕೊಕ್ಕೆಯ ಮೇಲೆ ಹೆಸರಿರಲಿಲ್ಲ. ಬಣ್ಣ ಹಾರಿದ ಒಂದು ಹಕ್ಕಿಯ ಚಿತ್ರ ಅಂಟಿಸಿತ್ತು. ಗುಲಾಬಿ ಎದೆಯ ಗಿಳಿ.

"ಇದ್ಯಾರದ್ದು?"

"ಯಾರದ್ದೂ ಅಲ್ಲ," ಎಂದ ಪರ್ಡಿ. "ನಾನು ಬರೋಕೆ ಮುಂಚಿನಿಂದ ಇದೆ. ಕೀಳೋಕೆ ಹೋದ್ರೆ ವರ್ನಾ ಬೈತಾರೆ."

ನಿನೋ ಅದರದ್ದೂ ಫೋಟೋ ತೆಗೆದ. ಮಹಜರು 12.50ಕ್ಕೆ ಮುಗಿಯಿತು.

ಶುಕ್ರವಾರ, ನವೆಂಬರ್ 22, ಬೆಳಿಗ್ಗೆ 10.30. ಶಾಲೆಯ ಅಡುಗೆಕೋಣೆಯಲ್ಲಿ ವರ್ನಾ ಲಾಕೆಟ್ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಳು. ವಯಸ್ಸು ಅರವತ್ತೆಂಟು. ಬಿಳಿಗೂದಲನ್ನು ಗಂಡಸಿನಂತೆ ಕತ್ತರಿಸಿದ್ದಳು. ಮುಂದೆ ಕಂದು ಕಾಗದದ ಚೀಲಗಳು. ಒಂದೊಂದರ ಮೇಲೂ ಮಗುವಿನ ಹೆಸರು, ಬೇಕಾದ ತಿಂಡಿ, ತುಂಬಿದ ಮೇಲೆ ಒಂದು ಗೀಟು.

"ಏನು ಬ್ರಿಜ್, ಪೊಲೀಸ್‌ನೋರಿಗೂ ಊಟದ ಆರ್ಡರ್ ಶುರು ಮಾಡಿದೀರಾ? ಈ ನಿನೋಗೆ ಎರಡು ಚೀಲ ಬೇಕು. ಚಿಕ್ಕೋನಿದ್ದಾಗ ಪಕ್ಕದೋರದ್ದೂ ತಿಂತಿದ್ದ."

"ಅಯ್ಯೋ, ವರ್ನಾ..." ನಿನೋ ಕೆಂಪಾದ.

"ಸೇಯಿನಿ ಟೌಫಾ ಅಂತ ಹುಡುಗಿ. ನೆನಪಿದೆಯಾ?" ಎಂದಳು ಬ್ರಿಜಿಡ್.

ಬೆಣ್ಣೆಯ ಚಾಕು ನಿಲ್ಲಲಿಲ್ಲ. "ಮೂವತ್ತೆರಡು ವರ್ಷ ಮಕ್ಕಳನ್ನ ನೋಡಿದೀನಿ. ನಿನ್ನ ಮಗಳು ಒಂದನೇ ಕ್ಲಾಸಲ್ಲಿ ದಿನಾ ಒಂದೇ ಶೂ ಹಾಕ್ಕೊಂಡು ಮನೆಗೆ ಬರ್ತಿದ್ಲು, ಅದೂ ನೆನಪಿದೆ."

"ಕೇಳಿದ್ದಕ್ಕೆ ಉತ್ತರ ಕೊಡಿ."

"ಪುಸ್ತಕದಲ್ಲಿ ಹೆಸರಿದೆಯಾ?"

"ಇದೆ."

"ಹಾಗಾದ್ರೆ ಇದ್ಲು."

"ತಲೆಎಣಿಕೆಯಲ್ಲಿ ಇಲ್ಲ."

"ಎಣಿಸೋರು ತಪ್ಪು ಮಾಡ್ತಾರೆ."

"2012ರಲ್ಲಿ ಎಣಿಸಿದ್ದು ಯಾರು?"

"ನಾನೇ," ಎಂದಳು ವರ್ನಾ. ಚೀಲದ ಬಾಯಿ ಎರಡು ಸಲ ಮಡಿಸಿ ಗೀಟು ಎಳೆದಳು. "ಆ ಮಗು ಡಾಕ್ಟರ್ ಓದೋಕೆ ಹಾಕಿದೆ ಅಂತ ಕೇಳ್ದೆ. ಸೀಟಿಗೆ ಏನಾದ್ರೂ ತೊಂದ್ರೆ ಆಗುತ್ತಾ?"

"ನಾನು ಡಾಕ್ಟರ್ ಸೀಟಿನ ವಿಷಯ ಹೇಳ್ಲೇ ಇಲ್ಲ, ವರ್ನಾ."

ಮೊದಲ ಬಾರಿಗೆ ಚಾಕು ನಿಂತಿತು. "ಊರು ಚಿಕ್ಕದು," ಎಂದಳು ವರ್ನಾ. "ಪರ್ಡಿ ಬಾಯಿ ದೊಡ್ಡದು."

ಬ್ರಿಜಿಡ್ ಗೀಟು ಬಿದ್ದ ಒಂದು ಚೀಲವನ್ನು ಖಾಲಿ ಮಾಡಿಸಿ ಪಡೆದಳು. ಗೀಟಿನ ಬುಡದಲ್ಲಿ ಗಾಳದಂಥ ಒಂದು ಸಣ್ಣ ಕೊಂಕಿತ್ತು. ಹಾಜರಿ ಪುಸ್ತಕದ ಸಾವಿರ ಗೀಟುಗಳ ಬುಡದಲ್ಲೂ ಅದೇ ಇತ್ತು.

ಜೀಪಿನಲ್ಲಿ ನಿನೋ, "ಮುಗೀತಲ್ಲ, ಸಾರ್ಜ್. ಎತ್ತಾಕ್ಕೊಂಡು ಬರೋಣ್ವಾ?" ಎಂದ.

"ಯಾಕೆ ಮಾಡಿದ್ಲು?"

"ಅದು ಕೋರ್ಟಿಗೆ ಬೇಕಾ?"

"ಹುಡುಗಿ ಮಾಡಿಸಿದ್ರೆ ಹುಡುಗಿನೂ ಒಳಗೆ. ಮತ್ತೆ ಜನ್ಮದಲ್ಲಿ ಎಲ್ಲೂ ಸೀಟಿಲ್ಲ. ಹದಿನೇಳು ವರ್ಷ ಅವಳಿಗೆ. ಒಂಬತ್ತು ಸೊನ್ನೆ ಏನು ಅಂತ ತಿಳೀದೆ ನಾನು ಯಾರನ್ನೂ ಎತ್ತಾಕಲ್ಲ."

ಶನಿವಾರ ಬ್ರಿಜಿಡ್‌ಗೆ ರಜೆ. ಬಟ್ಟೆ ಒಗೆದಳು, ಒಣಹಾಕಿದಳು; ಧೂಳೆದ್ದಾಗ ತೆಗೆದು ಮತ್ತೆ ಒಗೆದಳು. ಮಗಳನ್ನು ಈಜಿಗೆ ಬಿಟ್ಟು ಕಾರಿನಲ್ಲೇ ಕೂತು ಕಿರುಪುಸ್ತಕ ತೆರೆದಳು. 2012ರಲ್ಲಿ ಎರಡು ದಿನ. 2013ರಲ್ಲಿ ಎರಡು. 2014ರ ಫೆಬ್ರವರಿ 12... ಈ ದಿನಾಂಕ ಅವಳಿಗೆ ಗೊತ್ತಿತ್ತು. ಎಲ್ಲಿಂದ ಗೊತ್ತು ಎಂಬುದು ಮಾತ್ರ ಹೊಳೆಯುತ್ತಿರಲಿಲ್ಲ. ಒದ್ದೆ ಕೂದಲಿನ ಮಗಳು ಬಂದು ಬಾಗಿಲು ತೆರೆದಾಗ ಹೊಳೆಯಿತು. ಅದು ಈ ಮಗಳ ಮೊದಲ ಹುಟ್ಟುಹಬ್ಬ. ಅಂದು ಮನೆಯಲ್ಲಿ ಬ್ರಿಜಿಡ್ ಇಲ್ಲದೆ ಕೇಕ್ ಕತ್ತರಿಸಿದ್ದರು. ಆಗ ಕಾನ್‌ಸ್ಟೇಬಲ್ ಆಗಿದ್ದ ಅವಳು ವಲಸೆ ಇಲಾಖೆಯವರ ಜೊತೆ, ವೀಸಾ ಮುಗಿದ ಕೂಲಿಯವರನ್ನು ಹಿಡಿಯಲು, ಒಂದು ತೋಟದ ದಾಳಿಗೆ ಹೋಗಿದ್ದಳು.

"ಅಮ್ಮಾ, ಯಾಕೆ ಹಾಗೆ ನೋಡ್ತಿದೀಯಾ?"

"ಏನಿಲ್ಲ. ಸೀಟ್ ಬೆಲ್ಟ್ ಹಾಕು."

ಮಗಳನ್ನು ಮನೆಗಿಳಿಸಿ ನೇರ ಠಾಣೆಗೆ ಹೋದಳು. ಸಮವಸ್ತ್ರ ಇರಲಿಲ್ಲ, ಕಾಲಲ್ಲಿ ರಬ್ಬರ್ ಚಪ್ಪಲಿ. ಉಗ್ರಾಣದಿಂದ ಹಳೆಯ ಠಾಣಾ ದಿನಚರಿಗಳನ್ನು ತೆಗೆದಳು. ಮೊದಲ ದಿನಾಂಕ: ದಾಳಿ. ಎರಡನೆಯದು: ದಾಳಿ. ಒಂಬತ್ತಕ್ಕೆ ಒಂಬತ್ತೂ ದಾಳಿಯ ದಿನಗಳು. ಬೇರೆ ಬೇರೆ ತೋಟ, ಬೇರೆ ಬೇರೆ ಅಧಿಕಾರಿಗಳ ಕೈಬರಹ. ಕೂಲಿಯವರ ಬಿಡಾರಗಳಲ್ಲಿ ಕಂಡ ವಸ್ತುಗಳ ಪಟ್ಟಿ. 'ಮಗುವಿನ ಚಪ್ಪಲಿ, ಒಂದು ಜೊತೆ. ಮಗು ಇಲ್ಲ.' 'ಶಾಲೆಯ ಟೋಪಿ, ಕೂರಂಬಿಲ್ ಪ್ರಾಥಮಿಕ. ಮಗು ಇಲ್ಲ.' 2014ರ ಫೆಬ್ರವರಿ 12ರ ಪುಟದಲ್ಲಿ ಅವಳದೇ ಬರಹವಿತ್ತು: 'ಆರನೇ ಬಿಡಾರ. ಶಾಲಾ ಚೀಲ ಒಂದು, ಗುಲಾಬಿ ಗಿಳಿಯ ಚಿತ್ರ. ಹೆಸರಿಲ್ಲ. ಮಗು ಇಲ್ಲ. ನೆರೆಯವರು ಏನೂ ಹೇಳಲಿಲ್ಲ.'

ಅಂದು ಅದನ್ನು ಬರೆದು ಸಹಿ ಹಾಕಿ ಮುಂದಿನ ಬಿಡಾರಕ್ಕೆ ಹೋಗಿದ್ದಳು. ಈಗ ಉಗ್ರಾಣದ ಬಾಗಿಲಿಗೆ ಒಮ್ಮೆ ಹೋಗಿ ಬಂದಳು, ಮತ್ತೆ ಹೋಗಿ ಬಂದಳು. ಕೂರಲು ಆಗಲಿಲ್ಲ.

ಸೋಮವಾರ, ನವೆಂಬರ್ 25, ಬೆಳಿಗ್ಗೆ 9.10ಕ್ಕೆ ಶಿಕ್ಷಣ ಇಲಾಖೆಯಿಂದ ವರ್ನಾ ಲಾಕೆಟ್‌ಳ ಹಳೆಯ ರಜೆ ಪಟ್ಟಿ ಬಂತು. ನಿನೋ ಅದನ್ನು ಎರಡು ಸಲ ಓದಿ ಬ್ರಿಜಿಡ್ ಮುಂದಿಟ್ಟ. ಐದು ವರ್ಷದಲ್ಲಿ ವರ್ನಾ ಅನಾರೋಗ್ಯದ ರಜೆ ಹಾಕಿದ್ದು ಒಂಬತ್ತು ದಿನ. ಅವೇ ಒಂಬತ್ತು.

"ಆದ್ರೆ ದಾಳಿ ಅಂತ ಅವರಿಗೆ ಹೇಗೆ ಮೊದ್ಲೇ ಗೊತ್ತಾಗ್ತಿತ್ತು?" ಎಂದಳು ಬ್ರಿಜಿಡ್. "ನಮಗೇ ಬೆಳಿಗ್ಗೆ ಹೇಳ್ತಿದ್ರು."

ನಿನೋ ಕುತ್ತಿಗೆ ಕೆರೆದುಕೊಂಡ. "ಸಾರ್ಜ್, ದಾಳಿಯೋರು ಹಿಂದಿನ ದಿನವೇ ಬಂದು ಮೊಟೆಲ್‌ನಲ್ಲಿ ಇಳೀತಿದ್ರು. ಆರು ಬಿಳಿ ವ್ಯಾನು ಸಾಲಾಗಿ. ಊರಿಗೆಲ್ಲ ಕಾಣ್ತಿತ್ತು. ತೋಟಕ್ಕೆ ಹೋಗೋ ಮುಂಚೆ ನಮ್ಮಪ್ಪ ಮೊದಲು ನೋಡ್ತಿದ್ದದ್ದೇ ಅದನ್ನ." ದನಿ ತಗ್ಗಿಸಿ, "ಮೊಟೆಲ್‌ನಲ್ಲಿ ಹಾಸಿಗೆ ಹಾಸ್ತಿದ್ದದ್ದು ವರ್ನಾ ತಂಗಿ," ಎಂದ.

ಮಂಗಳವಾರ, ನವೆಂಬರ್ 26, ಮಧ್ಯಾಹ್ನ 1.20ಕ್ಕೆ, ಠಾಣೆಯಿಂದ ಕರೆ ಹೋಗಿದ್ದರಿಂದ, ಸೇಯಿನಿ ಟೌಫಾ ತಾಯಿ ಲೂಪೆಯೊಡನೆ ಮೆಲ್ಬರ್ನಿನಿಂದ ಬಸ್ಸಿನಲ್ಲಿ ಬಂದಿಳಿದಳು. ಟೋಂಗಾ ದ್ವೀಪಗಳ ಕಡೆಯ ದಪ್ಪ ಮೈಕಟ್ಟಿನ ಹೆಂಗಸು ಲೂಪೆ, ಸೊಂಟಕ್ಕೆ ಹೆಣೆದ ಚಾಪೆ ಸುತ್ತಿದ್ದಳು. ಚರ್ಚಿಗೂ ಸಾವಿಗೂ ಸರ್ಕಾರಿ ಕಚೇರಿಗೂ ಅದೇ ಉಡುಪು. ಮಗಳು ತೆಳ್ಳಗೆ ಎತ್ತರ, ಉಗುರು ಕಚ್ಚಿ ಕಚ್ಚಿ ಬೆರಳ ತುದಿ ಕೆಂಪಾಗಿದ್ದವು. ಇಬ್ಬರನ್ನೂ ಬೇರೆ ಬೇರೆ ವಿಚಾರಿಸಲಾಯಿತು. ಸೇಯಿನಿ ಅಪ್ರಾಪ್ತೆಯಾದ್ದರಿಂದ ಚರ್ಚಿನ ಪಾದ್ರಿಯ ಹೆಂಡತಿ ಪಕ್ಕದಲ್ಲಿ ಕೂತಳು.

"ಈ ಪ್ರಮಾಣಪತ್ರ ಎಲ್ಲಿಂದ ಬಂತು?"

"ಪೋಸ್ಟಲ್ಲಿ. ಆಂಟಿ ವರ್ನಾ ಕಳಿಸಿದ್ರು. ನಾನು ಫೋನ್ ಮಾಡಿ ಕೇಳಿದ್ದೆ, ಶಾಲೆ ದಾಖಲೆ ಬೇಕು ಅಂತ."

"ಹಾಜರಿ ಪುಸ್ತಕದಲ್ಲಿ ನಿನ್ನ ಹೆಸರು ಇರ್ಲಿಲ್ಲ ಅಂತ ಗೊತ್ತಿತ್ತಾ?"

ಹುಡುಗಿ ನಕ್ಕಳು. ತಮಾಷೆ ಎಂದುಕೊಂಡಿದ್ದಳು. ಆಮೇಲೆ ನಗು ಇಳಿಯಿತು. "ಇರ್ಲಿಲ್ವಾ?"

"ಬೆಳಿಗ್ಗೆ ಹೆಸರು ಕೂಗುವಾಗ ನಿನ್ನ ಹೆಸರು ಕೂಗ್ತಿದ್ರಾ?"

"ಇಲ್ಲ. ಎಲ್ಲರದ್ದೂ ಮುಗಿದ್ಮೇಲೆ ಆಂಟಿ ವರ್ನಾ ಬಾಗಿಲ ಹತ್ರ ಬಂದು ನಿಲ್ತಿದ್ರು. ನನ್ನ ನೋಡಿ ಹೀಗೆ ತಲೆ ಆಡಿಸ್ತಿದ್ರು. ನಂದು ಕೊನೇ ಹೆಸರು, ಅದನ್ನ ಕೂಗೋದಿಲ್ಲ, ಕಣ್ಣಲ್ಲೇ ಹಾಕೋದು ಅಂತಿದ್ರು. ನಂಗೆ ಅದು ಹೆಮ್ಮೆ." ಅವಳು ಮೇಜಿನ ಅಂಚು ಹಿಡಿದಳು. "ನಾನು ನಿಜವಾಗ್ಲೂ ಇದ್ದೆ ಮೇಡಂ."

"ನಿನ್ನ ಚೀಲ ಎಲ್ಲಿ ತೂಗುಹಾಕ್ತಿದ್ದೆ?"

"ಕೊನೇ ಕೊಕ್ಕೆ. ಗಿಳಿ ಅಂಟಿಸಿರೋದು. ಇನ್ನೂ ಇದೆಯಾ?"

ಬ್ರಿಜಿಡ್ ಬರೆಯುವುದನ್ನು ನಿಲ್ಲಿಸಲಿಲ್ಲ. "ನಿನ್ನ ಪರೀಕ್ಷೆ ಅಂಕ ಕಮ್ಮಿ ಯಾಕೆ ಬಂತು?"

"ಎರಡು ಗಂಟೇಲಿ ಇನ್ನೂರು ಚಿಲ್ಲರೆ ಪ್ರಶ್ನೆ. ಬೇರೆಯೋರು ಒಂದು ವರ್ಷ ತಯಾರಿ ಕ್ಲಾಸಿಗೆ ಹೋಗ್ತಾರೆ. ನಾನು ಲೈಬ್ರರೀಲಿ ಸಿಕ್ಕ ಹಳೇ ಪುಸ್ತಕ ನೋಡ್ಕೊಂಡು ಹೋದೆ. ಪ್ರಶ್ನೆಗೆ ಅರ್ಧ ನಿಮಿಷ ಅಂತ ಅಲ್ಲಿ ಹೋದ್ಮೇಲೆ ಗೊತ್ತಾಯ್ತು." ಅವಳು ಬೆರಳು ಕಚ್ಚಲು ಹೋಗಿ ಕೈ ಇಳಿಸಿದಳು. "ಅಂಕ ನಂದೇ. ಕಮ್ಮಿನೇ. ಅದಕ್ಕೆ ಯಾರನ್ನೂ ದೂರಲ್ಲ."

ಪಕ್ಕದ ಕೋಣೆಯಲ್ಲಿ ಲೂಪೆ ಕೈಕಟ್ಟಿ ಕೂತಿದ್ದಳು. ಕೇಳಿದ್ದಕ್ಕೆಲ್ಲ ಹೌದು, ಇಲ್ಲ, ಎರಡೇ. ಬ್ರಿಜಿಡ್ 2012ರ ಹಾಜರಿ ಪುಸ್ತಕ ತೆರೆದು ಇಪ್ಪತ್ತಮೂರನೆಯ ಸಾಲಿಗೆ ಬೆರಳಿಟ್ಟಳು.

ಲೂಪೆ ಬಗ್ಗಿ ನೋಡಿದಳು. ಧಡಕ್ಕನೆ ಎದ್ದಳು. ಕುರ್ಚಿ ಹಿಂದಕ್ಕೆ ಬಿತ್ತು.

"ಬರೆಯಲ್ಲ ಅಂದಿದ್ಲು! ಎಲ್ಲೂ ಬರೆಯಲ್ಲ ಅಂತ ಮಾತು ಕೊಟ್ಟಿದ್ಲು! ಆವತ್ತಿಂದ ಇದು ಇಲ್ಲಿ ಇತ್ತಾ? ನೀವು ಯಾವಾಗ ಬೇಕಾದ್ರೂ ನೋಡ್ಬಹುದಿತ್ತಾ?"

ನಿನೋ ಎದ್ದು ಕುರ್ಚಿ ಎತ್ತಿ ನಿಲ್ಲಿಸಿದ. ಬ್ರಿಜಿಡ್ ಪುಸ್ತಕ ಮುಚ್ಚಿದಳು. ಈ ಸಾಲನ್ನು ಈ ತಾಯಿ ಬರೆಸಿಲ್ಲ. ಬರೆಸಿದ್ದವಳಾಗಿದ್ದರೆ ಹನ್ನೆರಡು ವರ್ಷ ಹಿಂದಿನ ಭಯ ಹೀಗೆ ಎದ್ದು ಬರುತ್ತಿರಲಿಲ್ಲ.

"ಕೂತ್ಕೊಳ್ಳಿ ಅಮ್ಮ. ಇದು ಈ ವರ್ಷ ಬರೆದಿದ್ದು. ಆಗ ಇರ್ಲಿಲ್ಲ. ಆಗ ಯಾಕೆ ಬೇಡ ಅಂದ್ರಿ?"

ಲೂಪೆ ನೀರು ಕುಡಿದು ಹೇಳಿದಳು. ಆಗ ಗಂಡ ಹೆಂಡತಿ ಇಬ್ಬರಿಗೂ ವೀಸಾ ಮುಗಿದಿತ್ತು. ಸೇಯಿನಿ ಹುಟ್ಟಿದ್ದು ಈ ದೇಶದಲ್ಲೇ. ಇಲ್ಲಿ ಹುಟ್ಟಿ ಇಲ್ಲೇ ಬೆಳೆದ ಮಗುವಿಗೆ ಹತ್ತು ತುಂಬಿದ ದಿನ ಪೌರತ್ವ ತಾನಾಗಿ ಬರುತ್ತದೆ. ಅದಕ್ಕೆ ಮೊದಲು ಸಿಕ್ಕಿಬಿದ್ದರೆ ಮೂವರೂ ಟೋಂಗಾಕ್ಕೆ. "ಹತ್ತು ವರ್ಷ ಆಗೋವರೆಗೂ ಶಾಲೆಗೆ ಕಳಿಸಲ್ಲ ಅಂತಿದ್ದೆ. ವರ್ನಾ ಬಿಡಾರಕ್ಕೇ ಬಂದ್ಲು. ಮಗೂನ ಕೊಡು, ಹೆಸರು ಬರೆಯಲ್ಲ, ಎಣಿಸಲ್ಲ, ಫೋಟೋ ತೆಗೆಯಲ್ಲ, ಓದಿಸ್ತೀನಿ ಅಷ್ಟೇ ಅಂದ್ಲು. ಬಿಳಿ ವ್ಯಾನು ಬಂದ್ರೆ ತನ್ನ ಮನೇಲಿ ಇಟ್ಕೊಳ್ತಿದ್ಲು. ನಾವು ಬಳ್ಳಿ ಸಾಲಲ್ಲಿ ಬಿದ್ಕೊಂಡಿರ್ತಿದ್ವಿ." ಅವಳು ಬ್ರಿಜಿಡ್‌ಳ ಮುಖ ನೋಡಿದಳು. "ಒಂದು ಸಲ ನಿನ್ನ ಬೂಟು ನೋಡಿದ್ದೆ ಅನ್ಸುತ್ತೆ."

ಬ್ರಿಜಿಡ್ ಹೇಳಿಕೆಯ ಕೆಳಗೆ ಸಮಯ ಬರೆದಳು: 3.35.

ಗುರುವಾರ, ನವೆಂಬರ್ 28, ಬೆಳಿಗ್ಗೆ 8.45ಕ್ಕೆ ಬ್ರಿಜಿಡ್, ನಿನೋ ಇಬ್ಬರೂ ವರ್ನಾಳ ಮನೆಗೆ ಹೋದರು. ಅವಳು ಮುಂಬಾಗಿಲಲ್ಲೇ ಕೂತಿದ್ದಳು. ಕೈಚೀಲ ತೊಡೆಯ ಮೇಲೆ, ಔಷಧಿ ಡಬ್ಬಿ ಅದರೊಳಗೆ.

"ಎರಡು ದಿನದಿಂದ ಕಾಯ್ತಿದೀನಿ. ಲೂಪೆ ಫೋನ್ ಮಾಡಿ ಬಾಯಿಗೆ ಬಂದ ಹಾಗೆ ಬೈದ್ಲು."

"ವರ್ನಾ ಲಾಕೆಟ್, ಸುಳ್ಳು ದಾಖಲೆ ಸೃಷ್ಟಿಸಿದ, ಅದನ್ನು ಬಳಕೆಗೆ ಕೊಟ್ಟ ಆರೋಪದ ಮೇಲೆ ನಿಮ್ಮನ್ನು ಬಂಧಿಸ್ತಿದೀನಿ. ನೀವು ಏನೂ ಹೇಳಬೇಕಾಗಿಲ್ಲ. ಹೇಳಿದ್ದನ್ನು ಸಾಕ್ಷ್ಯವಾಗಿ ಬಳಸಬಹುದು."

"ಹೇಳ್ತೀನಿ. ಮೊದ್ಲು ನಿನೋಗೆ ಹೇಳು, ಆ ಬೆಕ್ಕಿಗೆ ನೀರಿಡಲಿ."

ನಿನೋ ಬಟ್ಟಲು ತುಂಬಿಸಿಟ್ಟು ಬಂದ.

ವಿಚಾರಣೆ 9.20ಕ್ಕೆ ಆರಂಭವಾಯಿತು. ಫ್ಯಾನು ತಿರುಗಿದ ಕಡೆಗೆಲ್ಲ ಕಾಗದಗಳು ಏಳುತ್ತಿದ್ದವು.

"ಯಾವಾಗ ಬರೆದಿರಿ?"

"ಸೆಪ್ಟೆಂಬರ್ ರಜೇಲಿ. ನಾಲ್ಕು ಮಧ್ಯಾಹ್ನ."

"ಯಾರು ಹೇಳಿದ್ರು?"

"ಯಾರೂ ಇಲ್ಲ. ಮಗು ಫೋನ್ ಮಾಡಿ ದಾಖಲೆ ಕಳಿಸಿ ಆಂಟಿ ಅಂತು. ಇದೆ ಅಂದ್ಕೊಂಡಿತ್ತು. ಇಲ್ಲ ಅಂತ ನನ್ನ ಬಾಯಲ್ಲಿ ಬರ್ಲಿಲ್ಲ."

"ನಿಜಾನೇ ಬರೆದು ಪ್ರಮಾಣ ಮಾಡಿ ಕೊಡಬಹುದಿತ್ತಲ್ಲ?"

"ವಿಶ್ವವಿದ್ಯಾಲಯಕ್ಕೆ ಫೋನ್ ಮಾಡ್ದೆ. ಈಗ ಹೇಳಿದ್ದು ನಡೆಯಲ್ಲ, ಆ ಕಾಲದಲ್ಲೇ ಬರೆದಿಟ್ಟಿದ್ದು ಬೇಕು, ಶಾಲೆಯದ್ದೋ ಸರ್ಕಾರದ್ದೋ ಅಂದ್ರು. ಆ ಕಾಲದಲ್ಲಿ ಬರೀದೆ ಇದ್ದೋಳು ನಾನೇ." ವರ್ನಾ ಕನ್ನಡಕ ತೆಗೆದು ಒರೆಸಿದಳು. "ಹತ್ತು ವರ್ಷ ಆಗೋವರೆಗೆ ಕಾಪಾಡಿದೆ ಅಂದ್ಕೊಂಡಿದ್ದೆ. ಹದಿನೇಳಕ್ಕೆ ನೋಡಿದ್ರೆ ಅದೇ ಅವಳ ಕಾಲಿಗೆ ತೊಡಕು. ಒಂದು ತಲೆ ಕಮ್ಮಿ ಎಣಿಸಿ ಟೀಚರನ್ನ ಕಳ್ಕೊಂಡ್ವಿ. ಹೆಡ್‌ಮಾಸ್ಟರ್ ಇಲಾಖೆಗೆ ಅಷ್ಟೆಲ್ಲ ಜಗಳದ ಪತ್ರ ಬರೆದ್ರು, ಇನ್ನೊಂದು ಮಗು ಇದೆ ಅಂತ ಒಂದು ಸಲಾನೂ ಬರೀಲಿಲ್ಲ. ನನ್ನನ್ನೂ ಏನೂ ಕೇಳ್ಲಿಲ್ಲ ಪುಣ್ಯಾತ್ಮ."

"ಎಲ್ಲಾ ದಿನ ಹಾಜರಿ ಹಾಕಿದ್ರೆ ಯಾರಿಗೂ ಇಷ್ಟು ಬೇಗ ಗೊತ್ತಾಗ್ತಿರ್ಲಿಲ್ಲ. ಒಂಬತ್ತು ಗೈರು ಯಾಕೆ ಹಾಕಿದ್ರಿ?"

ವರ್ನಾ ಅವಳನ್ನು ಪೆದ್ದು ಮಗುವನ್ನು ನೋಡುವಂತೆ ನೋಡಿದಳು.

"ಆ ದಿನ ಅವಳು ಶಾಲೇಲಿ ಇರ್ಲಿಲ್ವಲ್ಲ, ಬ್ರಿಜ್. ನನ್ನ ಮನೆ ಮಂಚದ ಕೆಳಗೆ ಕೂತು ಬಣ್ಣ ಹಚ್ತಿದ್ಲು. ಜ್ವರ ಗಿರ ಬಂದ ದಿನ ಮರೆತುಹೋಗಿದೆ, ಆ ಒಂಬತ್ತು ದಿನ ಹೇಗೆ ಮರೀಲಿ? ಇಲ್ಲದ ಮಗೂನ ಇದೆ ಅಂತ ಬರೆಯೋಕೆ ಕೈ ಬರ್ಲಿಲ್ಲ. ಮೂವತ್ತೆರಡು ವರ್ಷ ಹಾಗೆ ಬರೆದೋಳಲ್ಲ."

ನಿನೋ ಟೈಪ್ ಮಾಡುವುದನ್ನು ನಿಲ್ಲಿಸಿ ಗೋಡೆಯ ಕಡೆ ತಿರುಗಿದ.

ಹೇಳಿಕೆ ಮುದ್ರಿಸಲು ಹೋದಾಗ ಯಂತ್ರ ಕಾಗದ ನುಂಗಿತು. ಅದನ್ನು ಬಿಡಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಆ ಹೊತ್ತಿನಲ್ಲಿ ಬ್ರಿಜಿಡ್ ವಿಶ್ವವಿದ್ಯಾಲಯಕ್ಕೆ ವರದಿ ಬರೆದಳು. ಒಂದನೆಯದು: ಲಗತ್ತಿಸಿದ ಹಾಜರಿ ಪುಸ್ತಕದ ಸಾಲು ಮತ್ತು ಪ್ರಮಾಣಪತ್ರ ಸುಳ್ಳು, ಅರ್ಜಿದಾರಳಿಗೆ ಇದರ ಅರಿವಿತ್ತೆಂಬುದಕ್ಕೆ ಸಾಕ್ಷ್ಯವಿಲ್ಲ. ಎರಡನೆಯದು: 2012ರಿಂದ 2016ರವರೆಗೆ ಪ್ರತಿ ವರ್ಷವೂ ಆ ಮಗು ಕೂರಂಬಿಲ್‌ನಲ್ಲಿ ವಾಸವಿದ್ದುದಕ್ಕೆ ಸರ್ಕಾರಿ ದಾಖಲೆ ಇದೆ, ಈ ಠಾಣೆಯ ದಿನಚರಿಯ ಒಂಬತ್ತು ಪುಟಗಳ ದೃಢೀಕೃತ ನಕಲು, ಗುಮಾಸ್ತೆಯ ರಜೆ ಪಟ್ಟಿ, ಕೊಕ್ಕೆಯ ಫೋಟೋ ಜೊತೆಗಿವೆ.

ನಿನೋ ಹಿಂದಿನಿಂದ ಓದಿದ. "ಐದು ವರ್ಷ ಆ ಮಗು ಇಲ್ಲಿತ್ತು ಅಂತ ಬರೆದಿಟ್ಟೋರು ಹಿಡಿಯೋಕೆ ಹೋದ ನಾವು ಮಾತ್ರ."

"ಕಾಗುಣಿತ ತಪ್ಪಿದ್ರೆ ಹೇಳು."

"ಇದನ್ನ ಒಪ್ತಾರಾ, ಸಾರ್ಜ್?"

"ಗೊತ್ತಿಲ್ಲ. ಕಳಿಸು."

1.05ಕ್ಕೆ ಹೋಯಿತು. ಆಮೇಲೆ ಬ್ರಿಜಿಡ್ ಮೂರು ಸಲ ಎದ್ದು ಕಿಟಕಿಯ ಚಿಲಕ ಭದ್ರಪಡಿಸಿದಳು. 4.40ಕ್ಕೆ ಉತ್ತರ ಬಂತು. ಮೂರು ಸಾಲು. ಹಾಜರಿ ಪುಸ್ತಕವನ್ನು ಕಡತದಿಂದ ತೆಗೆಯಲಾಗಿದೆ. ಪೊಲೀಸ್ ದಾಖಲೆಯನ್ನು ವಾಸದ ಪುರಾವೆಯಾಗಿ ಸ್ವೀಕರಿಸಲಾಗಿದೆ. ಅರ್ಜಿದಾರಳು ಗ್ರಾಮೀಣ ಕೋಟಾದಡಿ ಡಿಸೆಂಬರ್ 9ರಂದು ಸಂದರ್ಶನಕ್ಕೆ ಹಾಜರಾಗತಕ್ಕದ್ದು. ಸೀಟಿನ ಮಾತು ಅದರಲ್ಲಿರಲಿಲ್ಲ. ಅಂಕ ಅರವತ್ತೊಂದೇ ಆಗಿತ್ತು.

ವರ್ನಾಳಿಗೆ ಅದನ್ನು ಓದಿ ಹೇಳಿದಾಗ ಅವಳು ಒಂದು ಸಲ ತಲೆ ಆಡಿಸಿದಳು. ಬಾಗಿಲಲ್ಲಿ ನಿಂತು ಕೊನೆಯ ಹೆಸರಿಗೆ ಆಡಿಸುತ್ತಿದ್ದದ್ದು ಹೀಗೆಯೇ ಇದ್ದಿರಬೇಕು.

ಹೇಳಿಕೆಯ ಕೊನೆಯ ಪುಟದಲ್ಲಿ ಒಂದು ಜಾಗ ಖಾಲಿಯಿತ್ತು: ದಾಖಲೆಯನ್ನು ಯಾರ ಸಲುವಾಗಿ ಸೃಷ್ಟಿಸಲಾಯಿತು. ಅದನ್ನು ಆರೋಪಿಯೇ ತನ್ನ ಕೈಯಾರೆ ತುಂಬಬೇಕು.

"ಹೆಸರು ಬರೀಲೇಬೇಕಾ?"

"ಬರೀಬೇಕು ವರ್ನಾ."

ಅವಳು ಪೆನ್ನು ತೆಗೆದುಕೊಂಡು ದುಂಡು ಅಕ್ಷರದಲ್ಲಿ, ಗೀಟು ತಪ್ಪದಂತೆ, ಸೇಯಿನಿ ಲೂಪೆ ಟೌಫಾ ಎಂದು ಪೂರ್ತಿ ಹೆಸರು ಬರೆದಳು. ಸಮಯ 5.10. ಈ ಹೆಸರನ್ನು ಎಲ್ಲಿಯೂ ಬರೆಯುವುದಿಲ್ಲವೆಂದು ವರ್ನಾ ಲಾಕೆಟ್ ಲೂಪೆ ಟೌಫಾಗೆ ಮಾತು ಕೊಟ್ಟಿದ್ದಳು. ಸೆಪ್ಟೆಂಬರಿನಲ್ಲಿ ಗುಟ್ಟಾಗಿ ಮುರಿದಿದ್ದ ಆ ಮಾತನ್ನು ಅವಳು ಈಗ ಎಲ್ಲರೆದುರು ಮುರಿದಳು.